ಪಾಕಶಾಲೆ: ಹವಾಯಿಯ ಹಸಿಮೀನಿನ ಅನ್ನ

ಹಸಿಮೀನೆಂದೊಡನೆ ನಮ್ಮ ವಾಚಕರಲ್ಲಿ ಹಲವರು ಮೂಗು ಮುರಿಯಬಹುದು. ಹವಾಯಿ ದ್ವೀಪದವರಿಗಾದರೋ ‘ಪೋಕೆ’ ಎಂಬುದು ಮನೆಮನೆಯ ತಿನಿಸು. ಆ ಮಾತಿಗೆ ಅಡ್ಡಲಾಗಿ ತುಂಡರಿಸುವುದೆಂದೇ ಅರ್ಥ. ಪೂರ್ವದಲ್ಲಿ ಮೀನಿಗೆ ಕಡಲುಪ್ಪು, ‘ಲಿಮು’ ಎಂಬ ಕಡಲಪಾಚಿ, ಹುರಿದು ಜಜ್ಜಿದ ಕುಕುಯಿ ಬೀಜ ಇಷ್ಟನ್ನೇ ಬೆರಸುತ್ತಿದ್ದರು. ಸೋಯಾ ರಸವೂ ಎಳ್ಳೆಣ್ಣೆಯೂ ಕಬ್ಬಿನ ತೋಟಗಳಿಗೆ ಬಂದ ಜಪಾನು, ಚೀನಾಗಳ ಕೂಲಿಗಾರರೊಡನೆ ಬಂದುವು.

ಮಾಡುವ ಕೆಲಸ ಅಲ್ಪ; ಮೀನನ್ನು ಆರಿಸುವುದರಲ್ಲಿಯೇ ಎಲ್ಲವೂ ಇದೆ. ಹೊಸ ಮೀನಾದರೆ ಸಾಕೆಂಬುದನ್ನು ನಾವು ಒಪ್ಪಲಾರೆವು. ಆಗತಾನೆ ಹಿಡಿದುದರಲ್ಲಿಯೂ ಹುಳುಗಳಿರಬಹುದು. ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗೆ 7 ದಿನ ಹೆಪ್ಪುಗಟ್ಟಿಸಿಟ್ಟರೆ ಅವು ಸಾಯುವುವು. ಮನೆಯ ಫ್ರೀಜರುಗಳೆಲ್ಲ ಅಷ್ಟು ತಣ್ಣಗಿರುವುದಿಲ್ಲ. ಆದುದರಿಂದ ಹಸಿಯಾಗಿ ತಿನ್ನಲೆಂದೇ ಸಿದ್ಧಪಡಿಸಿದ ಮೀನನ್ನು ವಿಚಾರಿಸಿ ಕೊಳ್ಳತಕ್ಕದ್ದು. ಅಲ್ಲಿಯವರು ‘ಆಹಿ’ ಎನ್ನುವ ಟ್ಯೂನಾ ಮೀನು ಶೆಖೆಯಲ್ಲಿ ಬಿದ್ದಿದ್ದರೆ ಅದರಲ್ಲಿ ಹಿಸ್ಟಮಿನ್ ಹೆಚ್ಚುವುದು. ಅದು ಹೆಪ್ಪಿಗೂ ಹೋಗದು, ಬೆಂಕಿಗೂ ಹೋಗದು.

ಅರ್ಧ ಕಿಲೋ ಮೀನನ್ನು ಮುಕ್ಕಾಲಂಗುಲದ ತುಂಡುಗಳಾಗಿ ಕೊಯ್ದು, 2 ದೊಡ್ಡ ಚಮಚೆ ಸೋಯಾ ರಸ, 1 ಚಿಕ್ಕ ಚಮಚೆ ಹುರಿದ ಎಳ್ಳಿನ ಎಣ್ಣೆ, ಹೆಚ್ಚಿದ ಈರುಳ್ಳಿ, ಎಳ್ಳು ಇವನ್ನು ಮೆಲ್ಲನೆ ಕಲಸಿರಿ. ನಿಂಬೆ ಹಿಂಡುವ ಚಪಲ ಬೇಡ. ಹುಳಿ ತಗಲಿದರೆ ಮೀನು ಬಿಳುಪೇರಿ ಬಿರುಸಾಗುವುದು. ಬೆಚ್ಚಗಿನ ಅನ್ನದ ಮೇಲೆ ತಣ್ಣನೆಯ ಮೀನನ್ನಿಟ್ಟು ಆಗಲೇ ಉಣ್ಣಬೇಕು.

ಗರ್ಭಿಣಿಯರು, ಎಳೆಯ ಮಕ್ಕಳು, ವೃದ್ಧರು, ರೋಗದಿಂದ ಬಳಲಿದವರು ಇದನ್ನು ಹಸಿಯಾಗಿ ತಿನ್ನಲಾಗದು. ಅವರ ಪಾಲನ್ನು ಬಾಣಲೆಯಲ್ಲಿ ಚೆನ್ನಾಗಿ ಬೇಯುವಂತೆ ಹುರಿದು ಬಡಿಸಿರಿ. ಹುರಿದ ಪೋಕೆಗೆ ಹವಾಯಿಯಲ್ಲಿಯೂ ಪ್ರಿಯರುಂಟು.