ಕ್ಲಿಕ್ ಎಂಬ ಸಪ್ಪಳ

ಹೋದ ವಾರ ಸುರಪುರದಿಂದ ಮೊಮ್ಮಗಳು ಯಾದಗಿರಿಗೆ ಬಂದಿದ್ದಳು. ದಾರಿಯಲ್ಲಿ ಶಹಾಪುರದ ಮಲಗಿದ ಬುದ್ಧನ ಬೆಟ್ಟ ಸಿಗುತ್ತದಲ್ಲ, ಅದರ ಫೋಟೊ ತೋರಿಸಿ, “ಮುತ್ಯಾ, ಇದು ನಾನೇ ಕ್ಲಿಕ್ ಮಾಡಿದ್ದು” ಅಂದಳು.

“ಕ್ಲಿಕ್ ಅಂದ್ರ ಏನವ್ವಾ?”

“ಅದೊಂದು ಸಪ್ಪಳ, ಮುತ್ಯಾ. ಫೋಟೊ ತೆಗೆಯೂದಕ್ಕೂ ಅದನ್ನೇ ಅಂತಾರ.”

ಸರಿಯಾಗಿಯೇ ಹೇಳಿದಳು. ಕ್ಲಿಕ್ ಎಂಬುದು ಸದ್ದನ್ನು ಅನುಕರಿಸಿ ಹುಟ್ಟಿದ ಪದ. ನಾಲ್ಕುನೂರು ವರ್ಷಗಳಿಂದ ಇಂಗ್ಲಿಷಿನಲ್ಲಿದೆ. ಮೊದಲು ಅದು ಬರೀ ಸದ್ದು. ಕ್ಯಾಮೆರಾದ ಗುಂಡಿ ಒತ್ತಿದಾಗಲೂ ಅದೇ ಸದ್ದು ಬಂತು, ಫೋಟೊ ತೆಗೆಯುವುದೇ ಕ್ಲಿಕ್ ಆಯಿತು. 1968ರಲ್ಲಿ ಅಮೆರಿಕದ ಡಗ್ಲಸ್ ಎಂಗೆಲ್‌ಬಾರ್ಟ್ ಕಂಪ್ಯೂಟರಿನ ಮೌಸನ್ನು ಜನರೆದುರು ತೋರಿಸಿದರು. ಮುಂದೆ ಅದರ ಗುಂಡಿ ಒತ್ತುವುದೂ ಕ್ಲಿಕ್ಕೇ ಆಯಿತು. ಸಿನಿಮಾ ಗೆದ್ದರೂ ‘ಕ್ಲಿಕ್ ಆಯ್ತು’ ಎನ್ನುತ್ತೇವೆ.

ಇಂಥ ಪದಗಳಿಗೆ ನಮ್ಮ ವ್ಯಾಕರಣದಲ್ಲಿ ಅನುಕರಣಾವ್ಯಯ ಎಂದು ಹೆಸರು. ಪಟಪಟ, ಚಟಚಟ, ಧಗಧಗ ಎಲ್ಲ ಇದೇ ಬಳಗ. ಗೋಡೆಯ ಮೇಲಿನ ಹಲ್ಲಿ ಕನ್ನಡದಲ್ಲಿ ಕ್ಲಿಕ್ ಅನ್ನುವುದಿಲ್ಲ, ಲೊಚಗುಟ್ಟುತ್ತದೆ! ಬಂದ ನೆಂಟನನ್ನೂ ಕನ್ನಡ ಬಿಡಲಿಲ್ಲ. ‘ಇಸು’ ಸೇರಿಸಿ ‘ಕ್ಲಿಕ್ಕಿಸು’ ಎಂದು ಮನೆಯವನನ್ನಾಗಿ ಮಾಡಿಕೊಂಡಿತು.

ನನಗೆ ಗೊತ್ತಿದ್ದ ಕ್ಲಿಕ್ ಬೇರೆ. ಬ್ಯಾಂಕಿನಲ್ಲಿ ನಗದು ಕೋಣೆಗೆ ಎರಡು ಕೀಲಿಕೈ. ಒಂದು ಮ್ಯಾನೇಜರ್ ಬಳಿ, ಇನ್ನೊಂದು ನನ್ನ ಬಳಿ. ಸಂಜೆ ಇಬ್ಬರೂ ಸೇರಿ ಕೀಲಿ ಹಾಕಿದಾಗ ‘ಕಟಕ್’ ಅನ್ನುತ್ತಿತ್ತು. ಆ ಸಪ್ಪಳ ಕೇಳಿದ ಮೇಲೆಯೇ ಮನೆಯ ದಾರಿ. ಜನರ ದುಡ್ಡು ಭದ್ರ ಎಂದು ಅದರ ಅರ್ಥ.

ಅಂದೇ ರಾತ್ರಿ ನನ್ನ ಫೋನಿಗೆ ಸಂದೇಶ ಬಂತು: ನಿಮ್ಮ ಖಾತೆ ಬಂದ್ ಆಗುತ್ತದೆ, ಕೆಳಗಿನ ಲಿಂಕ್ ಕ್ಲಿಕ್ ಮಾಡಿ. ಪಿಂಚಣಿ ಬರುವ ಖಾತೆ! ಗಾಬರಿಯಾಗಿ ಬೆರಳು ಇಡುವಷ್ಟರಲ್ಲಿ ಮೊಮ್ಮಗಳು ಕೈ ಹಿಡಿದಳು.

“ತಡಿ ಮುತ್ಯಾ! ಬ್ಯಾಂಕಿನಾಗ ಇದ್ದಾಂವ ನೀನು. ಬ್ಯಾಂಕಿನವ್ರು ಹಿಂಗ ಕೇಳತಾರೇನು?”

ನಾಚಿಕೆಯಾಯಿತು. ಒತ್ತಿದ್ದರೆ ಒಂದು ಸಪ್ಪಳವೂ ಆಗುತ್ತಿರಲಿಲ್ಲ. ಗಾಜಿನ ಮೇಲೆ ಬೆರಳು ಇಟ್ಟರೆ ಎಲ್ಲಿಯ ಸದ್ದು? ಸದ್ದು ಹೋಗಿದೆ, ಪದ ಉಳಿದಿದೆ. ಅಂದಿನ ಕಟಕ್ ತಿಜೋರಿ ಮುಚ್ಚುತ್ತಿತ್ತು, ಇಂದಿನ ಕ್ಲಿಕ್ ತೆರೆದೂ ಬಿಡಬಹುದು.

ಅಜ್ಜ-ಅಜ್ಜಿಯರೇ, ಗೊತ್ತಿಲ್ಲದ ಲಿಂಕ್ ಬಂದರೆ ಮೊದಲು ಮನೆಯ ಮಕ್ಕಳಿಗೆ ತೋರಿಸಿ. ಅಕಸ್ಮಾತ್ ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಮಕ್ಕಳೇ, ನಿಮಗೊಂದು ಕೆಲಸ: ಈ ವಾರ ಅಜ್ಜಿಯ ಪಕ್ಕ ಕುಳಿತು ಇಪ್ಪತ್ತು ಸಪ್ಪಳದ ಪದ ಬರೆಯಿರಿ. ಒಗ್ಗರಣೆಯ ‘ಚುಂಯ್’ನಿಂದಲೇ ಶುರುವಾಗಲಿ.