ಕಾಯುವ ಬಲ

ಅರ್ಥಶಾಸ್ತ್ರವೆಂದೊಡನೆ ಬ್ಯಾಂಕು, ನಾಣ್ಯ, ಮುಂಗಡಪತ್ರಗಳು ಕಣ್ಣ ಮುಂದೆ ಬರುವುದುಂಟು. ಆದರೆ ಆ ಶಾಸ್ತ್ರದ ಮೊದಲ ಪಾಠಗಳು ಹೊಲದಲ್ಲಿಯೂ ಸಂತೆಯಲ್ಲಿಯೂ ಇವೆ. ಹಾವೇರಿ ಜಿಲ್ಲೆಯ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಬೇಸಾಯವನ್ನು ಗಮನಿಸಿದರೆ ಈ ಮಾತು ಸ್ಪಷ್ಟವಾಗುವುದು.

ಮನುಷ್ಯನ ಬಯಕೆಗಳಿಗೆ ಮಿತಿಯಿಲ್ಲ; ಭೂಮಿ, ನೀರು, ದುಡಿಮೆಗಳಿಗೆ ಮಿತಿಯುಂಟು. ಆದುದರಿಂದ ಆಯ್ಕೆ ಅನಿವಾರ್ಯ. ಹಿರೇಕೆರೂರಿನ ರೈತನು ಮುಂಗಾರಿನಲ್ಲಿ ಒಂದು ಎಕರೆಗೆ ಗೋವಿನಜೋಳ ಬಿತ್ತಿದನೆಂದರೆ ಆ ನೆಲದ ಹತ್ತಿಯನ್ನು ಕೈಬಿಟ್ಟನೆಂದೇ ಅರ್ಥ. ಬೀಜ, ಗೊಬ್ಬರ, ಕೂಲಿಗಳಷ್ಟೇ ಅವನ ವೆಚ್ಚವಲ್ಲ. ಹತ್ತಿಯಿಂದ ದೊರೆಯಬಹುದಾಗಿದ್ದ ಲಾಭವೂ ವೆಚ್ಚವೇ. ಇದನ್ನು ಅವಕಾಶ ವೆಚ್ಚವೆನ್ನುವರು.

ಎರಡನೆಯ ಪಾಠ ಬೆಲೆಯದು. ಪೂರೈಕೆ ಹೆಚ್ಚಿದರೆ ಬೆಲೆ ಇಳಿಯುವುದು, ಬೇಡಿಕೆ ಹೆಚ್ಚಿದರೆ ಏರುವುದು. ಹಾನಗಲ್ಲಿನ ಮಾವು ಒಂದೇ ಕಾಲಕ್ಕೆ ಮಾಗುವುದರಿಂದ ಆಗ ಬೆಲೆ ತಗ್ಗುವುದು ಸಹಜ. ಆದರೆ ಇಷ್ಟೇ ಪೂರ್ಣ ಸತ್ಯವಲ್ಲ. ಕೊಳ್ಳುವವನು ನಾಳೆಯವರೆಗೆ ಕಾಯಬಲ್ಲ. ಸವಣೂರಿನ ವೀಳ್ಯದೆಲೆ ಕಾಯಲಾರದು. ಶಿಗ್ಗಾಂವಿಯ ಗೋವಿನಜೋಳ ಒಣಗಿಸಿಟ್ಟರೆ ತಿಂಗಳುಗಟ್ಟಲೆ ಕಾಯಬಲ್ಲದು. ಅದನ್ನು ಬೆಳೆದವನಿಗೆ ಸಾಲದ ಗಡುವು ಕಾಯಗೊಡದು. ಯಾರಿಗೆ ಕಾಯುವ ಬಲವಿದೆಯೋ ಅವರ ಮಾತೇ ಪೇಟೆಯಲ್ಲಿ ಮೇಲಾಗುವುದು.

ಎಲ್ಲರೂ ಕಾಯ್ದರೆ ಮುಂದೆಯೂ ಬೆಲೆ ಏರದೆಂದು ಕೆಲವರು ಹೇಳಬಹುದು. ಹೆಚ್ಚು ಏರದಿರಬಹುದು, ನಿಜ. ಆದರೆ ಮಾಲು ವರ್ಷದುದ್ದಕ್ಕೂ ಹಂಚಿಕೊಂಡು ಬಂದರೆ ಸುಗ್ಗಿಯಲ್ಲಿ ಬೆಲೆ ನೆಲಕಚ್ಚದು, ಬೇಸಿಗೆಯಲ್ಲಿ ಕೊಳ್ಳುವ ಬಡವನಿಗೂ ಹೊರೆಯಾಗದು. ಉಗ್ರಾಣದ ಬಾಡಿಗೆ, ಬಡ್ಡಿ, ಹುಳುಹುಪ್ಪಟೆಗಳ ನಷ್ಟವನ್ನೂ ಲೆಕ್ಕ ಹಾಕಬೇಕು. ಕೆಲವೊಮ್ಮೆ ಇಂದೇ ಮಾರುವುದು ಲೇಸು. ಆದರೆ ಆ ನಿರ್ಧಾರ ರೈತನದಾಗಿರಬೇಕು, ಸಾಲಗಾರನೆಂಬ ಅವನ ಸ್ಥಿತಿಯದಾಗಿರಬಾರದು.

ಈ ಬಲ ಒಬ್ಬಂಟಿಗನಿಗೆ ಸುಲಭವಾಗಿ ಬಾರದು. 1905ರಲ್ಲಿ ಅಂದಿನ ಧಾರವಾಡ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತನದಲ್ಲಿ ಸಹಕಾರಿ ಸಂಘವೊಂದು ಹುಟ್ಟಿತು. ಭಾರತದ ಸಹಕಾರಿ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಅದೊಂದು. ಹಲವರು ಕೂಡಿಸಿದ ಸಣ್ಣ ಹಣ ಒಬ್ಬನ ಕಷ್ಟಕಾಲಕ್ಕೆ ಒದಗಬಲ್ಲದೆಂಬುದೇ ಅಂಥ ಸಂಘದ ತಿರುಳು. ಊರಿಗೊಂದು ಒಣಕಣ, ಒಂದು ಉಗ್ರಾಣ, ಅಲ್ಲಿಟ್ಟ ಮಾಲಿನ ರಸೀತಿಯ ಮೇಲೆ ಕಡಮೆ ಬಡ್ಡಿಯ ಸಾಲ: ಇವಿಷ್ಟೂ ಆ ಸಹಕಾರ ತತ್ತ್ವದ ಮುಂದುವರಿಕೆಯೇ. ಬೆಲೆ ಕುಸಿದ ಮೇಲೆ ಪರಿಹಾರ ಬೇಡುವುದಕ್ಕಿಂತ ಇವನ್ನು ಮೊದಲೇ ಕಟ್ಟಿಕೊಳ್ಳುವುದು ಮೇಲೆಂದು ನನ್ನ ಅಭಿಪ್ರಾಯ.

ವಿದ್ಯಾರ್ಥಿಗಳೇ, ಬೆಲೆ ಬಿದ್ದಿತೆಂದು ಮನೆಯಲ್ಲಿ ಹಿರಿಯರು ಹಣೆಬರಹವನ್ನು ಹಳಿದಾಗ ಎರಡು ಪ್ರಶ್ನೆಗಳನ್ನು ಕೇಳಿ ನೋಡಿರಿ. ಇಂದು ಪೇಟೆಗೆ ಎಷ್ಟು ಮಾಲು ಬಂದಿತ್ತು? ನಾವು ಇಂದೇ ಏಕೆ ಮಾರಬೇಕಾಯಿತು? ಮೊದಲನೆಯದಕ್ಕೆ ಉತ್ತರ ಪೇಟೆಯಲ್ಲಿ ಸಿಗುವುದು. ಎರಡನೆಯದನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಹುಡುಕಬೇಕು.