ಅದು ಔಷಧಿಯಲ್ಲ, ವಿಷ: ಕಳೆನಾಶಕದ ಡಬ್ಬಿಯ ಮೇಲೆ ಓದಲಾಗುವ ಕನ್ನಡ ಬೇಕು



ನಮ್ಮಲ್ಲಿ ಬಹಳಷ್ಟು ಮಂದಿಗೆ ಊರಲ್ಲಿ ಇನ್ನೂ ಒಂದಿಷ್ಟು ಜಮೀನಿದೆ. ಅಡಿಕೆ ತೋಟವೋ, ನಾಲ್ಕೆಕರೆ ಕಾಫಿಯೋ, ಮುಸುಕಿನ ಜೋಳದ ಹೊಲವೋ. ಅಪ್ಪನೋ ಅಣ್ಣನೋ ನೋಡಿಕೊಳ್ಳುತ್ತಾರೆ, ಇಲ್ಲವೇ ಗುತ್ತಿಗೆಗೆ ಕೊಟ್ಟಿರುತ್ತೇವೆ. ವಾರಕ್ಕೊಮ್ಮೆ ಫೋನಿನಲ್ಲಿ ಮಳೆ ಬಂತಾ, ಅಡಿಕೆ ರೇಟು ಎಷ್ಟಾಯ್ತು ಅಂತ ವಿಚಾರಿಸುತ್ತೇವೆ. ಕಳೆಗೆ ಏನು ಹೊಡೆಸಿದಿರಿ, ಹೊಡೆದವನು ಕೈಗೆ ಏನು ಹಾಕಿಕೊಂಡಿದ್ದ ಅಂತ ಕೇಳಿದವರು ಎಷ್ಟು ಜನ?

ಮೊದಲೇ ಒಂದು ಮಾತು. ಕಳೆನಾಶಕ ಬಳಸುವ ರೈತನಿಗೆ ಇಲ್ಲಿಂದ ಬುದ್ಧಿ ಹೇಳುವ ಉದ್ದೇಶ ಈ ಬರಹಕ್ಕಿಲ್ಲ. ಕಳೆ ಕೀಳಲು ಆಳು ಸಿಗುವುದಿಲ್ಲ, ಸಿಕ್ಕರೆ ಕೂಲಿ ಪೂರೈಸುವುದಿಲ್ಲ. ಹೆಂಗಸರ ಗುಂಪೊಂದು ದಿನಗಟ್ಟಲೆ ಬಿಸಿಲಲ್ಲಿ ಕೂತು ಮಾಡುವ ಕೆಲಸವನ್ನು ಒಬ್ಬನೇ ಬೆನ್ನಿಗೆ ಪಂಪು ಕಟ್ಟಿಕೊಂಡು ಬೇಗ ಮುಗಿಸುತ್ತಾನೆ. ಹಳ್ಳಿ ಬಿಟ್ಟು ಬಂದ ನಾವೂ ಆಳಿನ ಕೊರತೆಗೆ ಒಂದು ಪಾಲು ಸೇರಿಸಿದವರೇ! ಹಾಗಾಗಿ ಕಳೆನಾಶಕ ಇರುತ್ತದೆ. ಅದನ್ನು ಬಳಸುವವನಿಗೆ ಅದೇನೆಂದು ಅವನಿಗೆ ತಿಳಿಯುವ ಮಾತಲ್ಲಿ ಹೇಳಿದ್ದೇವೆಯೇ ಎಂಬುದೇ ಇಲ್ಲಿನ ಪ್ರಶ್ನೆ.

ನಮ್ಮ ಆಡುಮಾತನ್ನೇ ನೋಡಿ. ಎಲ್ಲ ಕಡೆಯೂ ಅದು 'ಔಷಧಿ', ಕರಾವಳಿಯಲ್ಲಿ 'ಮದ್ದು'. ಅಂಗಡಿಯವನೇ ಡಾಕ್ಟರು. ಮಗುವಿನ ಜ್ವರಕ್ಕೂ ಔಷಧಿ, ತೋಟದ ಹುಲ್ಲಿಗೂ ಔಷಧಿ. ಒಂದೇ ಪದ ಎರಡೂ ಕಡೆ ನಡೆದರೆ ಭಯ ಎಲ್ಲಿಂದ ಬರಬೇಕು? ಉಳಿದದ್ದನ್ನು ನೀರಿನ ಬಾಟಲಿಗೆ ಬಗ್ಗಿಸಿ ಅಟ್ಟದ ಮೇಲಿಡುವ ರೂಢಿಗೂ ಈ ಪದದ ಸಲುಗೆಯೇ ದಾರಿ ಮಾಡಿಕೊಡುತ್ತದೆ.

ಕಾನೂನು ಇಲ್ಲವೇ? ಇದೆ. 1968ರ ಕೀಟನಾಶಕ ಕಾಯ್ದೆಯಡಿ ಬಂದ 1971ರ ನಿಯಮಗಳು ಕಳೆನಾಶಕಕ್ಕೂ ಅನ್ವಯಿಸುತ್ತವೆ. ಡಬ್ಬಿಯ ಜೊತೆ ಒಂದು ಕರಪತ್ರ ಇರಬೇಕು. ಯಾವ ಬೆಳೆಗೆ, ಹೇಗೆ ಹೊಡೆಯಬೇಕು, ವಿಷ ಏರಿದರೆ ಕಾಣುವ ಲಕ್ಷಣಗಳೇನು, ಪ್ರಥಮ ಚಿಕಿತ್ಸೆ ಏನು, ಪ್ರತಿವಿಷ ಯಾವುದು, ಖಾಲಿ ಡಬ್ಬಿಯನ್ನು ಏನು ಮಾಡಬೇಕು ಎಂಬುದೆಲ್ಲ ಅದರಲ್ಲಿರಬೇಕು. ಚೀಟಿಯೂ ಕರಪತ್ರವೂ ಇಂಗ್ಲಿಷ್, ಹಿಂದಿಯ ಜೊತೆಗೆ ಮಾರಾಟವಾಗುವ ಪ್ರದೇಶದ ಒಂದೆರಡು ಭಾಷೆಗಳಲ್ಲಿ ಇರಲೇಬೇಕು. 'ಸುರಕ್ಷಿತ', 'ನಿರಪಾಯಕಾರಿ' ಎಂದು ಕಂಪನಿ ಹೇಳಿಕೊಳ್ಳುವಂತಿಲ್ಲ. ಹೊಡೆಯುವವರಿಗೆ ತರಬೇತಿ ಏರ್ಪಡಿಸುವ ಹೊಣೆಯೂ ತಯಾರಕರು, ವಿತರಕರು ಮತ್ತು ಸಿಂಪಡಣೆ ಮಾಡಿಸುವವರ ಮೇಲಿದೆ.

ಅಂದರೆ, ಕರ್ನಾಟಕದಲ್ಲಿ ಮಾರುವ ಡಬ್ಬಿಯ ಮೇಲೆ ಕನ್ನಡ ಹಾಕುವುದು ಕಂಪನಿ ನಮಗೆ ಮಾಡುವ ಉಪಕಾರವಲ್ಲ, ಅರ್ಧ ಶತಮಾನ ಹಳೆಯ ಕಾನೂನು! ಕನ್ನಡ ಹಾಕಿದರೂ ಅದು ಹೇಗಿರುತ್ತದೆ? ಹಲವು ಭಾಷೆಗಳ ನಡುವೆ ಸಿಕ್ಕಿಕೊಂಡ ಇರುವೆ ಸಾಲಿನಂಥ ಅಕ್ಷರ. 'ವೈಯಕ್ತಿಕ ಸುರಕ್ಷತಾ ಪರಿಕರಗಳನ್ನು ಧರಿಸತಕ್ಕದ್ದು' ಎಂಬ ಧಾಟಿಯ ಕನ್ನಡ. ಇದನ್ನೇ 'ಕೈಗವಸು, ಬೂಟು, ಕನ್ನಡಕ ಇಲ್ಲದೆ ಪಂಪು ಹೊರಬೇಡಿ' ಎಂದು ಬರೆದರೆ ಯಾರ ಗಂಟು ಹೋಗುತ್ತದೆ?

ಓದಲು ಬಾರದವರಿಗೆ ಬಣ್ಣದ ಗುರುತಿದೆ ಎನ್ನಬಹುದು. ಡಬ್ಬಿಯ ಮೇಲಿನ ವಜ್ರಾಕಾರದ ಕೆಳ ಅರ್ಧ ಕೆಂಪಿದ್ದರೆ ಅತಿ ಘೋರ ವಿಷ, ಹಳದಿ ಘೋರ ವಿಷ, ನೀಲಿ ಮಧ್ಯಮ, ಹಸಿರು ಅದಕ್ಕಿಂತ ಕಡಿಮೆ. ಆದರೆ ಬಿಸ್ಕತ್ತಿನ ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ಸಸ್ಯಾಹಾರ ಎಂದು ಓದಲು ಕಲಿತ ನಾಡಿನಲ್ಲಿ, ಹಸಿರು ತ್ರಿಕೋನ ಕಂಡವನು 'ಪರವಾಗಿಲ್ಲ' ಎಂದುಕೊಂಡರೆ ತಪ್ಪು ಅವನದೇ?

ಈಗ ನಾವಿರುವ ದೇಶಗಳ ಕಡೆ ನೋಡೋಣ. ಅಮೆರಿಕದಲ್ಲಿ ಚೀಟಿಯೇ ಕಾನೂನು. ಅದರಲ್ಲಿ ಬರೆದುದಕ್ಕೆ ವಿರುದ್ಧವಾಗಿ ಬಳಸುವುದು ಫೆಡರಲ್ ಅಪರಾಧ ಎಂದು ಚೀಟಿಯ ಮೇಲೇ ಅಚ್ಚಾಗಿರುತ್ತದೆ. ಅಲ್ಲಿನ ಹೊಲಗಳಲ್ಲಿ ದುಡಿಯುವವರಲ್ಲಿ ದೊಡ್ಡ ಪಾಲು ಸ್ಪ್ಯಾನಿಷ್ ಮಾತಾಡುವವರು. 2022ರ ಕೊನೆಯಲ್ಲಿ ಬಂದ ಕಾಯ್ದೆ, ಚೀಟಿಯ ಎಚ್ಚರಿಕೆಗಳು ಸ್ಪ್ಯಾನಿಷಿನಲ್ಲೂ ಇರಬೇಕೆಂದಿತು. ಹೆಚ್ಚು ಅಪಾಯದ ಸರಕುಗಳಿಗೆ 2025ರ ಡಿಸೆಂಬರ್ ಗಡುವು, ಉಳಿದವಕ್ಕೆ ಹಂತಹಂತವಾಗಿ. ಭಾಷೆಯನ್ನು ಅಲ್ಲಿ ಅಭಿಮಾನದ ವಿಷಯವಾಗಿ ನೋಡಲಿಲ್ಲ, ಜೀವ ಉಳಿಸುವ ಸಲಕರಣೆ ಎಂದು ನೋಡಿದರು. ನಾವೂ ಹಾಗೇ ಕೇಳಬೇಕು.

ಹಾಗೆ ಕೇಳುವಾಗ ಇನ್ನೊಂದು ಮಾತನ್ನೂ ಒಪ್ಪಬೇಕು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಇಂದು ಅಸ್ಸಾಂ ಕಡೆಯಿಂದ ಬಂದವರೂ ದುಡಿಯುತ್ತಿದ್ದಾರೆ. ಅವರಿಗೆ ಕನ್ನಡದ ಚೀಟಿಯೂ ಸಾಲದು. ಬೆನ್ನ ಮೇಲೆ ಪಂಪು ಯಾರದೋ ಎಚ್ಚರಿಕೆ ಅವರ ಮಾತಿನಲ್ಲಿರಬೇಕು, ಚಿತ್ರದಲ್ಲಿರಬೇಕು, ಮಾಡಿ ತೋರಿಸಬೇಕು. ಕನ್ನಡಕ್ಕೆ ನಾವು ಕೇಳುವ ನ್ಯಾಯ ಅವರಿಗೂ ಸಲ್ಲಬೇಕು.

ಚೀಟಿ ಎಲ್ಲವನ್ನೂ ಸರಿಮಾಡುತ್ತದೆಯೇ? ಇಲ್ಲ. ಎರಡು ಕಳೆನಾಶಕಗಳನ್ನು ಬೇರೆಬೇರೆಯಾಗಿ ನೋಡಬೇಕು.

ಒಂದು ಗ್ಲೈಫೋಸೇಟ್, ನಮ್ಮವರ ಬಾಯಲ್ಲಿ 'ರೌಂಡಪ್'. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು 'ಪ್ರಾಯಶಃ ಕ್ಯಾನ್ಸರ್‌ಕಾರಕ' ಎಂದಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಒಪ್ಪಲಿಲ್ಲ. ಐರೋಪ್ಯ ಒಕ್ಕೂಟ 2023ರಲ್ಲಿ ಮತ್ತೆ 10 ವರ್ಷ ಅನುಮತಿ ಕೊಟ್ಟಿತು. ವಿಜ್ಞಾನದ ಜಗಳ ಹಾಗಿರಲಿ, ಭಾರತದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು ಚಹಾ ತೋಟಕ್ಕೆ ಮತ್ತು ಬೆಳೆಯಿಲ್ಲದ ಜಾಗಕ್ಕೆ. ನಮ್ಮ ಅಡಿಕೆ ತೋಟ ಈ ಎರಡರಲ್ಲಿ ಯಾವುದು, ನೀವೇ ಹೇಳಿ! 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ, ಇದನ್ನು ಕೀಟ ನಿಯಂತ್ರಣ ಪರವಾನಗಿದಾರರ ಮೂಲಕ ಮಾತ್ರ ಬಳಸಬೇಕೆಂದು ಅಧಿಸೂಚನೆ ಹೊರಡಿಸಿತು. ಉದ್ಯಮದವರು ದೆಹಲಿ ಹೈಕೋರ್ಟಿಗೆ ಹೋದರು. ಹಳ್ಳಿಯಲ್ಲಿ ಅಂಥ ಪರವಾನಗಿದಾರನನ್ನು ಎಲ್ಲಿ ಹುಡುಕುವುದು? ಪಾಲಿಸಲಾಗದ ಆದೇಶಕ್ಕಿಂತ, ಊರೂರಿನ ಸಿಂಪಡಣೆಗಾರರಿಗೆ ಅವರ ಮಾತಲ್ಲೇ ತರಬೇತಿ ಕೊಟ್ಟು ಗುರುತಿನ ಚೀಟಿ ಕೊಡುವುದು ಮೇಲು.

ಇನ್ನೊಂದು ಪ್ಯಾರಾಕ್ವಾಟ್. ಇದರ ಕತೆಯೇ ಬೇರೆ. ಅಪ್ಪಿತಪ್ಪಿ ಸ್ವಲ್ಪ ಹೊಟ್ಟೆಗೆ ಹೋದರೂ ಶ್ವಾಸಕೋಶ, ಮೂತ್ರಪಿಂಡ ಕೆಡುತ್ತವೆ, ಪ್ರತಿವಿಷ ಇಲ್ಲ. ಇಷ್ಟಿದ್ದೂ ಅದಕ್ಕೆ ಸಿಕ್ಕಿರುವುದು ಹಳದಿ ತ್ರಿಕೋನ! ಪ್ರತಿವಿಷವೇ ಇಲ್ಲದಾಗ ಎಷ್ಟು ಒಳ್ಳೆಯ ಕನ್ನಡದಲ್ಲಿ ಬರೆದರೇನು? ಐರೋಪ್ಯ ಒಕ್ಕೂಟದಲ್ಲಿ 2007ರಲ್ಲೇ ನಿಂತಿತು. ಆ ಬಳಿಕವೂ ಬ್ರಿಟನ್ನಿನ ಹಡರ್ಸ್‌ಫೀಲ್ಡ್ ಕಾರ್ಖಾನೆ ವರ್ಷಗಟ್ಟಲೆ ತಯಾರಿಸಿ ಹೊರದೇಶಗಳಿಗೆ ಮಾರಿತು. ತನ್ನ ಹೊಲಕ್ಕೆ ಬೇಡವಾದದ್ದು ಬೇರೆಯವರ ಹೊಲಕ್ಕೆ ಹೇಗೆ ಆದೀತು? ಅಮೆರಿಕದಲ್ಲಿ ತರಬೇತಿ ಪಡೆದ ಪರವಾನಗಿದಾರನ ಹೊರತು ಬೇರೆಯವರು ಮುಟ್ಟುವಂತಿಲ್ಲ.

'ನಿಷೇಧಿಸಿದರೆ ಬೇಸಾಯ ಮುಳುಗುತ್ತದೆ' ಎನ್ನುವವರು ಶ್ರೀಲಂಕಾ ನೋಡಲಿ. 2021ರಲ್ಲಿ ರಾತ್ರೋರಾತ್ರಿ ಎಲ್ಲ ರಾಸಾಯನಿಕಗಳನ್ನೂ ತಡೆದು ಆ ದೇಶ ಕೈಸುಟ್ಟುಕೊಂಡಿತು, ನಿಜ. ಆದರೆ ಅದೇ ದೇಶ 2008ರಿಂದ 2011ರವರೆಗೆ ಪ್ಯಾರಾಕ್ವಾಟನ್ನು ಹಂತಹಂತವಾಗಿ ಹಿಂದಕ್ಕೆ ತೆಗೆಯಿತು. ಬೇಸಾಯ ಮುಳುಗಲಿಲ್ಲ, ಕೃಷಿ ವಿಷದಿಂದಾಗುವ ಸಾವುಗಳು ಇಳಿದವು. ಕೇರಳ 2011ರಲ್ಲೇ ಬೇಡ ಎಂದಿತು. 1968ರ ಕಾಯ್ದೆಯಲ್ಲಿ ರಾಜ್ಯದ ಕೈಗೆ ಕೊಟ್ಟಿರುವುದು ತಾತ್ಕಾಲಿಕ ತಡೆ ಮಾತ್ರ, ಕಾಯಂ ನಿಷೇಧ ದೆಹಲಿಯ ಕೈಯಲ್ಲಿ. ನಮ್ಮ ಮಣ್ಣಿಗೆ ಏನು ಬೀಳಬೇಕೆಂದು ನಾವೇ ತೀರ್ಮಾನಿಸುವಂತಿಲ್ಲ ಎಂಬುದನ್ನೂ ನಮ್ಮ ಸಂಸದರಿಗೆ ನೆನಪಿಸಬೇಕು.

ಹಾಗಾದರೆ ದೂರದಲ್ಲಿರುವ ನಾವು ಮಾಡಬಹುದಾದ್ದೇನು?

1. ಈ ವಾರ ಮನೆಗೆ ಫೋನ್ ಮಾಡಿದಾಗ ಕೇಳಿ: ಯಾವ ಡಬ್ಬಿ, ಯಾರು ಹೊಡೆಯುತ್ತಾರೆ, ಎಲ್ಲಿಡುತ್ತೀರಿ? ಕೈಗವಸು, ಬೂಟು, ಕನ್ನಡಕಕ್ಕೆ ದುಡ್ಡು ಕಳಿಸಿ. ನಿಮ್ಮ ಜಮೀನಿನಲ್ಲಿ ಕೂಲಿಯವನು ಬರಿಗಾಲಲ್ಲಿ ಪಂಪು ಹೊತ್ತರೆ ಹೊಣೆ ನಿಮ್ಮದೂ ಹೌದು.

2. ಡಬ್ಬಿ ಮತ್ತು ಕರಪತ್ರದ ಫೋಟೋ ತರಿಸಿಕೊಳ್ಳಿ. ಕನ್ನಡ ಇಲ್ಲವೇ, ಇದ್ದೂ ಓದಲಾಗುತ್ತಿಲ್ಲವೇ? ಕಂಪನಿಗೂ ರಾಜ್ಯ ಕೃಷಿ ಇಲಾಖೆಗೂ ಒಂದು ಮಿಂಚೆ ಹಾಕಿ. ಒಬ್ಬರು ಬರೆದರೆ ಕಸದ ಬುಟ್ಟಿ, ಇನ್ನೂರು ಜನ ಬರೆದರೆ ಕಡತ.

3. ನಮ್ಮಲ್ಲಿ ವೈದ್ಯರಿದ್ದಾರೆ, ರಸಾಯನಶಾಸ್ತ್ರ ಬಲ್ಲವರಿದ್ದಾರೆ. ಒಂದು ಪುಟದ ಸರಳ ಕನ್ನಡ ಪತ್ರಿಕೆ ಸಿದ್ಧಪಡಿಸಿ: ಮೈಮೇಲೆ ಬಿದ್ದರೆ ಬಟ್ಟೆ ಕಳಚಿ ಸೋಪು ನೀರಲ್ಲಿ ತೊಳೆಯಿರಿ, ಹೊಟ್ಟೆಗೆ ಹೋದರೆ ಕಾಯದೆ ಆಸ್ಪತ್ರೆಗೆ ಓಡಿ, ಡಬ್ಬಿಯನ್ನೂ ಒಯ್ಯಿರಿ. ರೈತ ಸಂಪರ್ಕ ಕೇಂದ್ರದ ಗೋಡೆಗೆ ಅಂಟಿಸಲು ಅಷ್ಟು ಸಾಕು.

4. ಇವತ್ತಿನಿಂದ 'ಔಷಧಿ' ಎನ್ನುವುದನ್ನು ಬಿಡಿ. 'ಕಳೆ ವಿಷ' ಎನ್ನಿ. ಮನೆಯಲ್ಲಿ ಮೊದಲು ನಗುತ್ತಾರೆ, ಆಮೇಲೆ ಅಟ್ಟದ ಮೇಲಿನ ಬಾಟಲಿ ಕೆಳಗಿಳಿಯುತ್ತದೆ.

ಬ್ಯಾಂಕಿನ ಚಲನ್ನು, ಮೊಬೈಲಿನ ಬಿಲ್ಲು ಕನ್ನಡದಲ್ಲಿರಲಿ ಎಂದು ಕೇಳುವುದು ನಮಗೆ ರೂಢಿಯಾಗಿದೆ. ಅಲ್ಲಿ ಕನ್ನಡ ಇಲ್ಲದಿದ್ದರೆ ತೊಂದರೆಯಾಗುತ್ತದೆ. ಇಲ್ಲಿ ಕನ್ನಡ ಇಲ್ಲದಿದ್ದರೆ ಜೀವ ಹೋಗುತ್ತದೆ. ಮೊದಲು ಯಾವುದನ್ನು ಕೇಳೋಣ, ಏನಂತೀರಿ?